ಗಮನಿಸಲಾಯಿತು

ಮಸ್ಕತ್ತಿನ ಅಲ್ ಅಜೈಬಾದ ಪರ್ಲ್ ಕೋಸ್ಟ್ ಇಂಡಿಯನ್ ಸ್ಕೂಲಿನ ಆಫೀಸಿನಲ್ಲಿ ಹಿಲ್ಡಾ ಕ್ರಾಸ್ತಾಳಿಗೆ ಹದಿನಾರು ವರ್ಷ ಸರ್ವಿಸ್ ಆಗಿತ್ತು. ಅಡ್ಮಿಶನ್ ಫೈಲು, ಟಿ.ಸಿ., ಹಾಜರಾತಿ ಪಟ್ಟಿ ಇವನ್ನೆಲ್ಲ ಯಾರು ಬೇಕಾದರೂ ಮಾಡಬಹುದು. ಅವಳನ್ನು ಬಿಟ್ಟರೆ ಆ ಕಟ್ಟಡದಲ್ಲಿ ಇನ್ನೊಬ್ಬರಿಗೆ ಬಾರದ ವಿದ್ಯೆ ಒಂದಿತ್ತು. ಅದು ಸಭೆಯ ನಡಾವಳಿ ಬರೆಯುವುದು.

ಮೂರು ತಿಂಗಳಿಗೊಮ್ಮೆ, ಶನಿವಾರ ಬೆಳಿಗ್ಗೆ, ಶಾಲೆಯ ಆಡಳಿತ ಸಮಿತಿ ‘ಓಪನ್ ಫೋರಂ’ ನಡೆಸುತ್ತಿತ್ತು. ಪೋಷಕರು ಬಂದು ಮೈಕಿನ ಮುಂದೆ ನಿಂತು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಬಹುದು. ಒಬ್ಬೊಬ್ಬರಿಗೆ ಮೂರು ನಿಮಿಷ. ಹೇಳಿದ್ದೆಲ್ಲ ದಾಖಲಾಗುತ್ತದೆ ಎಂದು ಆಹ್ವಾನ ಪತ್ರದಲ್ಲೇ ಅಚ್ಚಾಗಿರುತ್ತಿತ್ತು. ದಾಖಲಿಸುವವಳು ಹಿಲ್ಡಾ.

ಒಮ್ಮೆ ಒಬ್ಬ ತಂದೆ, ಏಸಿ ಕೆಟ್ಟ ಬಸ್ಸಿನಲ್ಲಿ ಮಕ್ಕಳು ವಾಂತಿ ಮಾಡಿಕೊಂಡು ಬರುತ್ತಿದ್ದಾರೆ, ಅವರೇನು ಆಡಿನ ಮರಿಗಳೇ ಎಂದು ಮೈಕು ಕಿರುಚುವಷ್ಟು ಕೂಗಿದ್ದ. ಹಿಲ್ಡಾ ಬರೆದಳು: ‘ಸಾರಿಗೆ ವ್ಯವಸ್ಥೆಯ ಉಷ್ಣತೆಯ ಕುರಿತು ಪೋಷಕರೊಬ್ಬರು ಅನಿಸಿಕೆ ಹಂಚಿಕೊಂಡರು. ಗಮನಿಸಲಾಯಿತು.’ ಫಿಸಿಕ್ಸ್ ಟೀಚರ್ ಇಲ್ಲದೆ ಐದು ತಿಂಗಳಾಯಿತು ಎಂದು ಒಬ್ಬ ತಾಯಿ ಅತ್ತುಬಿಟ್ಟಾಗ ಬರೆದಳು: ‘ವಿಜ್ಞಾನ ಶಿಕ್ಷಣದಲ್ಲಿ ಪೋಷಕರಿಗಿರುವ ಆಸಕ್ತಿಯನ್ನು ಸಮಿತಿ ಶ್ಲಾಘಿಸಿತು. ಗಮನಿಸಲಾಯಿತು.’ ಯಾರು ಗಮನಿಸಿದರು ಎಂಬುದಕ್ಕೆ ಅವಳ ಇಂಗ್ಲಿಷಿನಲ್ಲಿ ಜಾಗವೇ ಇರಲಿಲ್ಲ. ಶಿರ್ವದ ಸಿಸ್ಟರುಗಳು ಕಲಿಸಿದ ಕರ್ಮಣಿ ಪ್ರಯೋಗ ಮಸ್ಕತ್ತಿನಲ್ಲಿ ಹೀಗೆ ಅವಳ ಹೊಟ್ಟೆ ಹೊರೆಯುತ್ತಿತ್ತು.

ಸಮಿತಿಯ ಅಧ್ಯಕ್ಷ ವಾಮನ ಸಾಲ್ಯಾನರು ಅವಳು ಬರೆದದ್ದನ್ನು ಓದದೆ ಸಹಿ ಹಾಕುತ್ತಿದ್ದರು. “ಹಿಲ್ಡಾ, ಯು ಆರ್ ಆ್ಯನ್ ಅಸೆಟ್,” ಎನ್ನುತ್ತಿದ್ದರು. ಮೂಲ್ಕಿ ಕಡೆಯವರು. ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ವಿಲ್ಲಾ ಮಾಡಿಕೊಂಡಿದ್ದರು. ಮನೆಯಲ್ಲಿ ತುಳು, ಡ್ರೈವರಿನ ಹತ್ತಿರ ಹಿಂದಿ, ವೇದಿಕೆಯ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಇಲ್ಲ.

ಓಪನ್ ಫೋರಂನಲ್ಲಿ ಮಾತಾಡಬೇಕಾದವರು ಹತ್ತು ದಿನ ಮುಂಚೆ ಒಂದು ಫಾರಂ ತುಂಬಬೇಕಿತ್ತು. ಅದರಲ್ಲಿ ಮೂರು ಚೌಕ: ಪ್ರಶಂಸೆ, ಸಲಹೆ, ಇತರೆ. ಹಿಂಬದಿಯಲ್ಲಿ ನಿಯಮಗಳು. ಈಗಾಗಲೇ ತೀರ್ಮಾನವಾದ ವಿಷಯವನ್ನು ಎತ್ತುವಂತಿಲ್ಲ. ಇನ್ನೂ ತೀರ್ಮಾನವಾಗದ ವಿಷಯವನ್ನು ಎತ್ತುವುದು ಅಕಾಲಿಕ. ಇವೆರಡರ ನಡುವೆ ಉಳಿಯುವ ಎಲ್ಲ ವಿಷಯಗಳ ಬಗ್ಗೆ ಪೋಷಕರು ಮುಕ್ತವಾಗಿ ಮಾತಾಡಬಹುದಿತ್ತು.

ಆ ವರ್ಷ ಆಗಸ್ಟಿನಲ್ಲಿ ರಜೆ ಮುಗಿದು ಶಾಲೆ ತೆರೆದ ಮೊದಲ ವಾರವೇ ಎರಡನೇ ಮಹಡಿಯ ಹುಡುಗಿಯರ ಶೌಚಾಲಯದ ಗೋಡೆಯ ಮೇಲೆ ಒಂದು ಒಂಟೆ ಕಾಣಿಸಿಕೊಂಡಿತು. ಕಣ್ಣಿಗೆ ಹಚ್ಚುವ ಕಪ್ಪು ಪೆನ್ಸಿಲಿನಲ್ಲಿ ಬರೆದದ್ದು. ಒಂಟೆಗೆ ಟೈ ಇತ್ತು, ಕನ್ನಡಕ ಇತ್ತು, ಮೂಗಿನ ಪಕ್ಕದಲ್ಲಿ ಸಾಲ್ಯಾನರಿಗೆ ಇರುವಂಥದೇ ಮಚ್ಚೆಯಿತ್ತು. ಚಿತ್ರ ಚೆನ್ನಾಗಿದೆ ಎಂದು ಡ್ರಾಯಿಂಗ್ ಟೀಚರ್ ಖಾಸಗಿಯಾಗಿ ಒಪ್ಪಿಕೊಂಡರು. ಸಮಿತಿ ತುರ್ತು ಸಭೆ ಸೇರಿತು. ಶಾಲೆ ನಡೆಯುವಷ್ಟು ಹೊತ್ತೂ ಆ ಶೌಚಾಲಯಕ್ಕೆ ಬೀಗ ಹಾಕುವುದೆಂದೂ, ಬೇರೆ ಮಹಡಿಗಳದ್ದನ್ನು ಬಳಸುವಂತಿಲ್ಲವೆಂದೂ, ತೀರಾ ಅಗತ್ಯವಿದ್ದವರು ಆಫೀಸಿಗೆ ಬಂದು ರಿಜಿಸ್ಟರಿನಲ್ಲಿ ಬರೆದು ಕೀ ಒಯ್ಯುವುದೆಂದೂ ಠರಾವಾಯಿತು. ಹುಡುಗರ ಶೌಚಾಲಯದ ಗೋಡೆಗಳ ಮೇಲೆ ಹತ್ತು ವರ್ಷದಿಂದ ಇದಕ್ಕಿಂತ ಕೆಟ್ಟ ಚಿತ್ರಗಳಿದ್ದವು. ಅಲ್ಲಿಗೆ ಬೀಗ ಹಾಕಲಿಲ್ಲ. “ದೇ ವಿಲ್ ಬ್ರೇಕ್ ಇಟ್,” ಎಂದರು ಸಾಲ್ಯಾನರು.

ಕೀ ಮತ್ತು ರಿಜಿಸ್ಟರು ಹಿಲ್ಡಾಳ ಮೇಜಿಗೆ ಬಂದವು. ರಿಜಿಸ್ಟರಿಗೆ ಅವಳೇ ನೀಟಾಗಿ ಗೆರೆ ಎಳೆದಳು. ಹೆಸರು, ತರಗತಿ, ಹೋದ ಸಮಯ, ಬಂದ ಸಮಯ. ಕೊನೆಗೆ ಇನ್ನೊಂದು ಅಂಕಣ ಇರಲಿ ಎಂದು ಸಮಿತಿ ಹೇಳಿ ಕಳಿಸಿತು: ಕಾರಣ.

ಹುಡುಗಿಯರು ಬರುತ್ತಿದ್ದರು. ಆಫೀಸಿನಲ್ಲಿ ಯಾವಾಗಲೂ ಯಾರಾದರೊಬ್ಬ ಗಂಡಸು ಕೂತಿರುತ್ತಿದ್ದ. ಯಾವುದೋ ಮಗುವಿನ ತಂದೆ, ಬಸ್ ಕಂಟ್ರಾಕ್ಟರು, ಕಂಪ್ಯೂಟರ್ ರಿಪೇರಿಯವನು. ಅವರ ಎದುರು ನಿಂತು ಕಾರಣದ ಅಂಕಣದಲ್ಲಿ ಏನೋ ಒಂದು ಬರೆದು, ಕೀ ಹಿಡಿದು ಓಡುತ್ತಿದ್ದರು. ಹಿಲ್ಡಾ ತಲೆ ಎತ್ತದೆ ಸಮಯ ತುಂಬುತ್ತಿದ್ದಳು. ದಿನ ಕಳೆದಂತೆ ಬರುವವರು ಕಡಿಮೆಯಾದರು. ವ್ಯವಸ್ಥೆ ಒಗ್ಗಿಹೋಯಿತು ಎಂದುಕೊಂಡಳು.

ಸೆಪ್ಟೆಂಬರಿನಲ್ಲಿ ದಮಯಂತಿ ಎಂಬ ತಾಯಿಯ ಫಾರಂ ಬಂತು. ಪಡುಬಿದ್ರೆಯವಳು. ಗಂಡ ಕೊಗ್ಗನಿಗೆ ಸುವೈಕಿನಲ್ಲಿ ಹಾರ್ಡ್‌ವೇರ್ ಅಂಗಡಿ, ಗುರುವಾರ ಸಂಜೆ ಮಸ್ಕತ್ತಿಗೆ ಬಂದು ಶನಿವಾರ ರಾತ್ರಿ ಹೊರಡುವವನು. ಇವಳು ಅಜೈಬಾದಲ್ಲೇ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಗಳು ಸುಪ್ರೀತಾ ಏಳನೇ ತರಗತಿ. ಫಾರಂನಲ್ಲಿ ‘ಇತರೆ’ ಚೌಕಕ್ಕೆ ಟಿಕ್ ಹಾಕಿ, ಕೆಳಗೆ ಒಂದೇ ಸಾಲು ಬರೆದಿದ್ದಳು: ‘ಟಾಯ್ಲೆಟ್ಟಿನ ಬೀಗ ತೆಗೆಯಿರಿ.’

ಫಾರಂಗಳನ್ನು ಪರಿಶೀಲಿಸುವ ಕೆಲಸ ಸಮಿತಿಯ ಜಂಟಿ ಕಾರ್ಯದರ್ಶಿ ಎಡ್ವರ್ಡನದು. ಇನ್ಶೂರೆನ್ಸ್ ಕಂಪನಿಯಲ್ಲಿದ್ದ ಮೃದು ಸ್ವಭಾವದ ಮನುಷ್ಯ. ಹಿಲ್ಡಾಳ ಮೇಜಿನ ಫೋನಿನಿಂದಲೇ ಕರೆ ಮಾಡಿದ.

“ಅಕ್ಕ, ನೀವು ಟಾಯ್ಲೆಟ್ ಅಂತ ಬರ್ದಿದ್ದೀರಿ. ಅವತ್ತು ವೇದಿಕೆಯಲ್ಲಿ ಗೆಸ್ಟು ಇರ್ತಾರೆ.”

“ಗೆಸ್ಟುಗಳು ಹೋಗುದಿಲ್ವಾ ಅದಕ್ಕೆ?”

“ಹಾಗಲ್ಲ ಅಕ್ಕ. ವೆಲ್‌ನೆಸ್ ಫೆಸಿಲಿಟಿ ಅಂತ ಮಾಡುವನಾ?”

“ಅದೆಲ್ಲಿ ಉಂಟು ನಮ್ಮ ಶಾಲೆಯಲ್ಲಿ? ನಾನು ನೋಡ್ಲೇ ಇಲ್ಲ.”

ಎಡ್ವರ್ಡ್ ಬೆವರು ಒರೆಸಿಕೊಂಡು, ವಿಷಯವನ್ನು ‘ವಿದ್ಯಾರ್ಥಿಗಳ ಆರೋಗ್ಯ: ಒಂದು ಸಲಹೆ’ ಎಂದು ತಿದ್ದಿ ಪಟ್ಟಿಗೆ ಸೇರಿಸಿದ. ಇತರೆ ಎಂಬುದು ಸಲಹೆಯಾಯಿತು.

ಆ ಶನಿವಾರ ಹತ್ತು ಗಂಟೆಗೆ ಸಭೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ಸಾಧನೆಗಳ ಪವರ್‌ಪಾಯಿಂಟ್, ಹೂಗುಚ್ಛ. ಪೋಷಕರ ಮಾತಿಗೆ ಮೈಕು ಬಂದಾಗ ಹನ್ನೊಂದೂಮುಕ್ಕಾಲು. ಸಭಾಂಗಣದ ಬಾಡಿಗೆ ಅವಧಿ ಹನ್ನೆರಡಕ್ಕೆ ಮುಗಿಯುವುದರಿಂದ ಚುಟುಕಾಗಿ ಮಾತಾಡಬೇಕೆಂದು ವಿನಂತಿಸಲಾಯಿತು. ಸಭಾಂಗಣ ಶಾಲೆಯದೇ ಆಗಿತ್ತು.

ದಮಯಂತಿ ಮೈಕಿನ ಮುಂದೆ ನಿಂತಳು. ಹಿಂದಿಯಲ್ಲಿ ಆರಂಭಿಸಿದಳು.

“ನನ್ನ ಮಗಳು ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತುತ್ತಾಳೆ. ಮಧ್ಯಾಹ್ನ ಎರಡೂವರೆಗೆ ಮನೆಗೆ ಬರುತ್ತಾಳೆ. ಅಲ್ಲಿಯ ತನಕ ಒಂದು ಗುಟುಕು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಆಫೀಸಿನಲ್ಲಿ ಎಲ್ಲರ ಎದುರು ಬರೆಯಬೇಕಾಗುತ್ತದೆ. ಹೋದ ವಾರ ಅವಳಿಗೆ ಮೂತ್ರದ ಸೋಂಕಾಗಿ ಚಳಿಜ್ವರ ಬಂತು. ಮೂರು ದಿನ ಆಸ್ಪತ್ರೆಯಲ್ಲಿದ್ದಳು.”

ಮೂತ್ರ ಎಂಬ ಶಬ್ದ ಬಂದದ್ದೇ ಸಾಲ್ಯಾನರು ಎದುರಿನ ಹೂಗುಚ್ಛವನ್ನು ಸ್ವಲ್ಪ ಎಡಕ್ಕೆ ಸರಿಸಿದರು.

“ಮೇಡಂ, ಇದು ವೈಯಕ್ತಿಕ ವೈದ್ಯಕೀಯ ವಿಷಯ. ಬಹಿರಂಗವಾಗಿ ಹೇಳುವುದು ಮಗುವಿನ ಹಿತಕ್ಕೆ ಒಳ್ಳೆಯದಲ್ಲ,” ಎಂದರು ಇಂಗ್ಲಿಷಿನಲ್ಲಿ.

ದಮಯಂತಿ ಹಿಂದಿ ಬಿಟ್ಟು ಕನ್ನಡಕ್ಕೆ ಬಂದಳು. “ಬಹಿರಂಗ ಮಾಡಿದ್ದು ನಾನಾ? ಪುಸ್ತಕದಲ್ಲಿ ಕಾರಣ ಬರೀರಿ ಅಂತ ಹೇಳಿದ್ದು ಯಾರು?”

ಸಮಯ ನೋಡುತ್ತಿದ್ದ ಟೀಚರು ಮೇಜಿನ ಮೇಲಿನ ಗಂಟೆ ಬಾರಿಸಿದರು. ಎರಡೇ ನಿಮಿಷ ಆಗಿತ್ತು. ಆದರೆ ಎಡ್ವರ್ಡನ ಕಣ್ಣಿನ ಅರ್ಥ ಅವರಿಗೆ ಗೊತ್ತಾಗಿತ್ತು.

ಮರುದಿನ ಹಿಲ್ಡಾ ಬರೆದಳು: ‘ಮಕ್ಕಳು ಸಾಕಷ್ಟು ನೀರು ಕುಡಿಯುವಂತೆ ಪ್ರೋತ್ಸಾಹಿಸುವ ಅಗತ್ಯದ ಬಗ್ಗೆ ಪೋಷಕರೊಬ್ಬರು ಬೆಲೆಯುಳ್ಳ ಸಲಹೆ ನೀಡಿದರು. ಗಮನಿಸಲಾಯಿತು.’ ಬರೆದು ಮುಗಿಸಿ ಚಹಾ ತರಿಸಿಕೊಂಡಳು. ಸಮಿತಿ ಆ ಸಲಹೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತೆಂದರೆ ಮುಂದಿನ ವಾರವೇ ‘ನೀರು ಕುಡಿಯಿರಿ’ ಎಂಬ ಪೋಸ್ಟರ್ ಸ್ಪರ್ಧೆ ನಡೆಯಿತು. ಮೊದಲ ಬಹುಮಾನದ ಪೋಸ್ಟರನ್ನು ಬೀಗ ಹಾಕಿದ ಬಾಗಿಲಿನ ಮೇಲೆಯೇ ಅಂಟಿಸಿದರು.

ಹದಿನೈದು ದಿನ ಬಿಟ್ಟು ದಮಯಂತಿ ಆಫೀಸಿಗೆ ಬಂದಳು. ನಡಾವಳಿಯ ಪ್ರತಿ ಬೇಕೆಂದಳು. ಹದಿನಾರು ವರ್ಷದಲ್ಲಿ ಅದನ್ನು ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಕೊಡಬಾರದು ಎಂಬ ನಿಯಮವೂ ಇರಲಿಲ್ಲ, ಯಾಕೆಂದರೆ ಕೇಳುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ. ಹಿಲ್ಡಾ ಒಂದು ಪ್ರತಿ ತೆಗೆದು ಕೊಟ್ಟಳು.

ದಮಯಂತಿ ನಿಂತಲ್ಲೇ ಎರಡು ಸಲ ಓದಿದಳು.

“ಇದು ಬರ್ದದ್ದು ನೀವಾ?”

“ಹೌದು.”

“ಎಷ್ಟು ಚೆಂದದ ಇಂಗ್ಲಿಷ್ ಮಾರಾಯ್ರೇ,” ಎಂದಳು ದಮಯಂತಿ. ಅದರಲ್ಲಿ ವ್ಯಂಗ್ಯ ಇದೆಯೋ ಎಂದು ಹಿಲ್ಡಾ ಮುಖ ನೋಡಿದಳು. ಕಾಣಲಿಲ್ಲ. “ಇದನ್ನು ಓದಿದ್ರೆ ನನ್ನ ಮಗಳಿಗೆ ಹುಷಾರಿರ್ಲಿಲ್ಲ ಅಂತ ನನಗೇ ಗೊತ್ತಾಗುದಿಲ್ಲ.”

ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಹಿಲ್ಡಾಳಿಗೆ ಬೈಗಳು ತಿಂದು ಗೊತ್ತಿತ್ತು. ಅದಕ್ಕೆ ಅವಳಲ್ಲಿ ಉತ್ತರಗಳಿದ್ದವು. ಈ ಹೊಗಳಿಕೆಯ ನಂತರ ಆ ಮಧ್ಯಾಹ್ನವೆಲ್ಲ ಒಂದೇ ಪತ್ರವನ್ನು ಮೂರು ಸಲ ಟೈಪ್ ಮಾಡಿದಳು.

ಮನೆಗೆ ಹೋದ ಮೇಲೆ ಹಿಲ್ಡಾ ತನ್ನ ಮಗಳು ಹೇಝಲಳ ಶಾಲೆಯ ಚೀಲ ತೆರೆದಳು. ಹೇಝಲ್ ಅದೇ ಶಾಲೆಯಲ್ಲಿ ಎಂಟನೇ ತರಗತಿ. ನೀರಿನ ಬಾಟಲಿ ಬೆಳಿಗ್ಗೆ ತುಂಬಿಸಿದಷ್ಟೂ ಹಾಗೇ ಇತ್ತು.

“ನೀರು ಕುಡೀಲಿಲ್ವಾ ನೀನು?”

“ನೋಬಡಿ ಡ್ರಿಂಕ್ಸ್, ಮಮ್ಮಾ,” ಎಂದಳು ಹೇಝಲ್, ಮೊಬೈಲಿನಿಂದ ಕಣ್ಣು ತೆಗೆಯದೆ.

“ನೀನು ನನ್ನ ಹತ್ರ ಬಂದು ಕೀ ಕೇಳ್ಬಹುದಲ್ಲ. ನಾನೇ ಇದ್ದೇನಲ್ಲ ಅಲ್ಲಿ.”

“ಅದಕ್ಕೇ,” ಎಂದಳು ಮಗಳು. ಕನ್ನಡದಲ್ಲಿ ಅವಳು ಅಪರೂಪಕ್ಕೆ ಆಡುವ ಶಬ್ದಗಳಲ್ಲಿ ಅದೊಂದು. ನಂತರ ಮತ್ತೆ ಇಂಗ್ಲಿಷಿಗೆ ಹೋಗಿ ಎಲ್ಲ ಹೇಳಿದಳು. ತರಗತಿಯಲ್ಲಿ ಹಿಲ್ಡಾಳಿಗೆ ಒಂದು ಹೆಸರಿಟ್ಟಿದ್ದರಂತೆ, ಕೀ ಆಂಟಿ. ಕೀ ಆಂಟಿಯ ಮಗಳು ಕೀ ಕೇಳಲು ಹೋದರೆ ಎಲ್ಲರೂ ನಗುತ್ತಾರಂತೆ. ಶಾಲೆ ಬಿಟ್ಟು ಬಸ್ಸು ಇಳಿದದ್ದೇ ಓಡಿ ಬರುವುದು ಅದಕ್ಕೇ ಅಂತೆ. ಮಗಳಿಗೆ ಮನೆಯ ಮೇಲೆ ಎಷ್ಟು ಪ್ರೀತಿ ಎಂದು ಹಿಲ್ಡಾ ಆ ಓಟವನ್ನು ನೋಡಿ ಸಂತೋಷಪಟ್ಟಿದ್ದಳು.

ಗಂಡ ಆಂಡ್ರ್ಯೂ ಬಂದ ಮೇಲೆ ಅವನಿಗೆ ಹೇಳಿದಳು. ಅವನು ಏಸಿ ಬಿಡಿಭಾಗಗಳ ಕಂಪನಿಯಲ್ಲಿ ಸ್ಟೋರ್ ಕೀಪರ್. ಸ್ವಲ್ಪ ಯೋಚಿಸಿ ಹೇಳಿದ: “ನಿನ್ನ ಕೆಲಸ ನೀನು ಮಾಡಿದ್ದಿ ಅಲ್ವಾ? ಬೀಗ ಹಾಕಿದ್ದು ನೀನಲ್ಲ.”

“ಹಾಕಲಾಯಿತು,” ಎಂದಳು ಹಿಲ್ಡಾ. ಅವನಿಗೆ ಅರ್ಥವಾಗಲಿಲ್ಲ.

ಡಿಸೆಂಬರಿನ ಓಪನ್ ಫೋರಂ ಹತ್ತಿರ ಬಂತು. ದಮಯಂತಿ ಈ ಸಲವೂ ಫಾರಂ ತುಂಬಿದ್ದಳು. ವಿಷಯ ಈಗಾಗಲೇ ತೀರ್ಮಾನವಾಗಿದೆ ಎಂಬ ಕಾರಣಕ್ಕೆ ಎಡ್ವರ್ಡ್ ಅದನ್ನು ವಾಪಸು ಕಳಿಸಿದ. ಉಳಿದ ಫಾರಂಗಳಲ್ಲಿ ‘ಪ್ರಶಂಸೆ’ಗೆ ಟಿಕ್ ಹಾಕಿದ್ದನ್ನು ಅವನು ಓದುತ್ತಲೇ ಇರಲಿಲ್ಲ. ಪ್ರಶಂಸೆಯಲ್ಲಿ ಓದುವುದಕ್ಕೆ ಏನಿದೆ? ಹೆಸರು ನೋಡದೆ ಸೀದಾ ಪಟ್ಟಿಗೆ ಸೇರಿಸುತ್ತಿದ್ದ. ಆ ಸಲ ಅಂಥವು ನಾಲ್ಕಿದ್ದವು. ನಾಲ್ಕನೆಯದು, ‘ರಿಜಿಸ್ಟರ್ ವ್ಯವಸ್ಥೆಗೆ ಪ್ರಶಂಸೆ. ಎಚ್. ಕ್ರಾಸ್ತಾ, ಪೋಷಕರು, ಎಂಟನೇ ತರಗತಿ.’

ಸಭೆ ಆರಂಭವಾಯಿತು. ಕಾರ್ಯಸೂಚಿಯ ಒಂದನೇ ಐಟಂ ಹಿಂದಿನ ಸಭೆಯ ನಡಾವಳಿಯನ್ನು ಸ್ಥಿರೀಕರಿಸುವುದು. ವರ್ಷಗಳಿಂದ ಅದು ಒಂದು ಉಸಿರಿನ ಕೆಲಸವಾಗಿತ್ತು. ಸಾಲ್ಯಾನರು “ಕನ್ಫರ್ಮ್ಡ್?” ಎನ್ನುತ್ತಿದ್ದರು, ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು, ಅಷ್ಟರಲ್ಲಿ ಎರಡನೇ ಐಟಂ ಬಂದಿರುತ್ತಿತ್ತು.

“ಕನ್ಫರ್ಮ್ಡ್?” ಎಂದರು ಸಾಲ್ಯಾನರು.

“ಇಲ್ಲ,” ಎಂದು ಹಿಂದಿನಿಂದ ಒಂದು ದನಿ ಬಂತು.

ದಮಯಂತಿ ಎದ್ದು ನಿಂತಿದ್ದಳು. ಪಕ್ಕದಲ್ಲಿ ಕೊಗ್ಗ ಕೈಕಟ್ಟಿ ಕೂತಿದ್ದ. ಇದು ಅವನ ಉಪದೇಶ. ಸುವೈಕಿನಲ್ಲಿ ಊರಿನವರು ಕಟ್ಟಿಕೊಂಡ ಒಂದು ಸಂಘವಿತ್ತು. ಅದರ ಪ್ರತಿ ಸಭೆಯಲ್ಲೂ ಮೊದಲ ಒಂದು ಗಂಟೆ ಹೋದ ಸಲದ ನಡಾವಳಿಯ ಮೇಲೆಯೇ ಜಗಳವಾಗುತ್ತಿತ್ತು. ತಪ್ಪು ಬರೆದದ್ದನ್ನು ತಿದ್ದಿ ಎನ್ನಲು ಯಾವ ಫಾರಂ ಬೇಡ, ಹಿಂದಿನ ಸಭೆಯಲ್ಲಿ ಹಾಜರಿದ್ದರೆ ಸಾಕು ಎಂದು ಅವನು ಅಲ್ಲಿ ಕಲಿತಿದ್ದ.

“ನಾನು ನೀರಿನ ಬಗ್ಗೆ ಸಲಹೆ ಕೊಡ್ಲಿಲ್ಲ,” ಎಂದಳು ದಮಯಂತಿ. “ಬೀಗದ ಬಗ್ಗೆ ಹೇಳಿದ್ದು. ನನ್ನ ಮಗಳು ಆಸ್ಪತ್ರೆಗೆ ಸೇರಿದ್ದು ಹೇಳಿದ್ದು. ಅದು ಇದರಲ್ಲಿ ಇಲ್ಲ. ಹಾಕಿ.”

ಸಾಲ್ಯಾನರು ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ಫ್ಯಾನು ನೋಡಿದರು. ಸಾಲ್ಯಾನರು ನಕ್ಕು, ಅಂಕಿಅಂಶಗಳಿಂದ ಮಾತಾಡೋಣ ಎಂದರು. “ನಮ್ಮ ಹತ್ತಿರ ರಿಜಿಸ್ಟರ್ ಇದೆ. ಆ ಮಹಡಿಯಲ್ಲಿ ಮುನ್ನೂರ ನಲವತ್ತು ಹುಡುಗಿಯರು. ದಿನಕ್ಕೆ ಎಷ್ಟು ಮಂದಿ ಕೀ ಕೇಳುತ್ತಾರೆ? ಹಿಲ್ಡಾ?”

ಹಿಲ್ಡಾ ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಿದಳು. “ಸರಾಸರಿ ಮೂರು ಸರ್.”

“ಮೂರು!” ಎಂದು ಸಾಲ್ಯಾನರು ಸಭೆಗೆ ಮೂರು ಬೆರಳು ತೋರಿಸಿದರು. “ಯಾರಿಗೂ ನಿರಾಕರಿಸಿಲ್ಲ. ಅಗತ್ಯ ಇರುವುದೇ ಮೂವರಿಗೆ. ಹಾಗಾದರೆ ಸಮಸ್ಯೆ ಎಲ್ಲಿದೆ?”

ಸಭೆಯಲ್ಲಿ ಮೊದಲು ಒಬ್ಬ ಹೆಂಗಸು ನಕ್ಕಳು. ಮತ್ತೆ ಇಬ್ಬರು. ಆಮೇಲೆ ಹಿಂದಿನ ಎರಡು ಸಾಲು ಪೂರ್ತಿ. ಇದು ಮೆಚ್ಚುಗೆಯ ನಗುವೆಂದು ಸಾಲ್ಯಾನರು ಅರ್ಧ ನಿಮಿಷ ಭಾವಿಸಿದ್ದರು. ಅಲ್ಲವೆಂದು ಗೊತ್ತಾದಾಗ “ಡೋಂಟ್ ಲಾಫ್,” ಎಂದರು. ಅದರಿಂದ ನಗು ಜಾಸ್ತಿಯಾಯಿತು. ತಿದ್ದುಪಡಿಯನ್ನು ಪರಿಶೀಲಿಸಲಾಗುವುದು ಎಂದು ಹೇಳಿ ಗಡಿಬಿಡಿಯಲ್ಲಿ ಮುಂದಕ್ಕೆ ಹೋದರು. ಈ ಸಲ ಪವರ್‌ಪಾಯಿಂಟನ್ನೂ ಹಾರಿಸಿ, ನೇರವಾಗಿ ಪ್ರಶಂಸೆಗಳಿಗೆ ಬಂದರು. ಪ್ರಶಂಸೆಯ ಅಗತ್ಯ ಆಗ ಅಷ್ಟಿತ್ತು.

ಮೂವರು ಪೋಷಕರು ವಾರ್ಷಿಕೋತ್ಸವವನ್ನೂ ಹೊಸ ಗೇಟನ್ನೂ ಅಧ್ಯಕ್ಷರ ದೂರದೃಷ್ಟಿಯನ್ನೂ ಹೊಗಳಿ ಕೂತರು. ಎಡ್ವರ್ಡ್ ಪಟ್ಟಿ ನೋಡಿ ಕರೆದ: “ಎಚ್. ಕ್ರಾಸ್ತಾ.”

ಹಿಲ್ಡಾ ಪೆನ್ನಿಗೆ ಮುಚ್ಚಳ ಹಾಕಿ ಎದ್ದಳು. ವೇದಿಕೆಯ ಪಕ್ಕದ ತನ್ನ ಮೇಜಿನಿಂದ ಇಳಿದು ಮೈಕಿಗೆ ಬಂದಳು. ಕೈಯಲ್ಲಿ ರಿಜಿಸ್ಟರ್ ಇತ್ತು.

“ಹಿಲ್ಡಾ, ಏನಿದು?” ಎಂದರು ಸಾಲ್ಯಾನರು. “ನೀವು ನಡಾವಳಿ ಬರೀಬೇಕು.”

“ಈಗ ನಾನು ಮಾತಾಡುತ್ತಿದ್ದೇನೆ ಸರ್. ಪೋಷಕಿಯಾಗಿ ಫಾರಂ ಕೊಟ್ಟಿದ್ದೇನೆ.”

“ಹಾಗಾದರೆ ಬರೆಯುವವರು ಯಾರು?”

ಕೊನೆಗೆ ಎಡ್ವರ್ಡ್ ಹೋಗಿ ಹಿಲ್ಡಾಳ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದ. ಗಂಟೆಯ ಟೀಚರು ಗಡಿಯಾರ ನೋಡಿದರು.

ಹಿಲ್ಡಾ ಹದಿನಾರು ವರ್ಷ ಆ ಮೈಕಿನಿಂದ ಬಂದದ್ದನ್ನು ಕೇಳಿಸಿಕೊಂಡಿದ್ದಳೇ ಹೊರತು ಅದರ ಎದುರು ನಿಂತಿರಲಿಲ್ಲ. ಅಲ್ಲಿಂದ ನೋಡಿದರೆ ವೇದಿಕೆ ಬಹಳ ಎತ್ತರ ಕಾಣುತ್ತಿತ್ತು.

“ಈ ರಿಜಿಸ್ಟರನ್ನು ನಾನು ಇಟ್ಟಿದ್ದೇನೆ,” ಎಂದಳು. “ಅಧ್ಯಕ್ಷರು ಹೇಳಿದ ಲೆಕ್ಕ ಸರಿ ಇದೆ. ಮೊದಲ ವಾರ ದಿನಕ್ಕೆ ಇಪ್ಪತ್ತು ಹುಡುಗಿಯರು ಬಂದಿದ್ದರು. ಈಗ ಒಬ್ಬಳು, ಕೆಲವು ದಿನ ಅದೂ ಇಲ್ಲ. ಕಾರಣದ ಅಂಕಣ ಯಾರೂ ಓದಿಲ್ಲ. ನಾನೂ ಓದಿರಲಿಲ್ಲ. ಹೋದ ವಾರ ಓದಿದೆ.”

ಪುಟ ತಿರುಗಿಸಿ ಒಂದೊಂದೇ ಓದಿದಳು. ತಲೆನೋವು. ಅರ್ಜೆಂಟ್. ವೈಯಕ್ತಿಕ. ಹೊಟ್ಟೆ. ವೈಯಕ್ತಿಕ. ಪ್ಲೀಸ್.

“ಮೂವತ್ತೊಂದು ಕಡೆ ‘ಸಾರಿ’ ಅಂತ ಬರೆದಿದ್ದಾರೆ. ಕಾರಣ ಕೇಳಿದ್ದಕ್ಕೆ ಮಕ್ಕಳು ಸಾರಿ ಅಂದಿದ್ದಾರೆ. ಮೂವತ್ತೊಂದು ಸಲವೂ ನಾನು ಎದುರಿಗೇ ಕೂತಿದ್ದೆ, ಸಮಯ ಬರೆದುಕೊಂಡೆ.” ಮೈಕಿನ ಬಳಿ ನೀರು ಇಲ್ಲದ್ದರಿಂದ ಉಗುಳು ನುಂಗಿಕೊಂಡಳು. “ನನ್ನ ಮಗಳ ಹೆಸರು ಇದರಲ್ಲಿ ಒಂದು ಸಲವೂ ಇಲ್ಲ. ಅವಳಿಗೆ ಅಗತ್ಯ ಇಲ್ಲ ಅಂತ ಅಲ್ಲ. ಕೀ ಹಿಡಿದು ಕೂತವಳು ಅವಳ ತಾಯಿ, ಅದಕ್ಕೆ. ದಮಯಂತಿಯವರು ಸೆಪ್ಟೆಂಬರಿನಲ್ಲಿ ಹೇಳಿದ್ದನ್ನು ತಪ್ಪಾಗಿ ಬರೆದದ್ದು ನಾನು. ಯಾರೂ ಬರೆಸಲಿಲ್ಲ, ನಾನೇ ಬರೆದೆ, ಯಾಕೆಂದರೆ ನನಗೆ ಅದು ಚೆನ್ನಾಗಿ—”

ಗಂಟೆ ಹೊಡೆಯಿತು. ಈ ಸಲ ಸರಿಯಾಗಿ ಮೂರು ನಿಮಿಷ. ಹಿಲ್ಡಾ ನಿಯಮದ ಪ್ರಕಾರ ಅರ್ಧ ವಾಕ್ಯಕ್ಕೇ ನಿಲ್ಲಿಸಿದಳು. ಮೇಜಿಗೆ ಹೋಗಿ ಎಡ್ವರ್ಡನ ಕೈಯಿಂದ ಪೆನ್ನು ತೆಗೆದುಕೊಳ್ಳಲು ನೋಡಿದಳು. ಸಾಲ್ಯಾನರು ತಡೆದರು. “ನೀವು ಮನೆಗೆ ಹೋಗಿ ರೆಸ್ಟ್ ಮಾಡಿ. ಎಡ್ವರ್ಡ್ ಬರೀತಾರೆ.”

ಹೊರಗೆ ಪಾರ್ಕಿಂಗಿನಲ್ಲಿ ಆಂಡ್ರ್ಯೂ ಕಾರಿನಲ್ಲಿ ಕಾಯುತ್ತಿದ್ದ. “ಎಂತ, ಬೇಗ ಬಿಟ್ರಾ?” ಎಂದ. ಹಿಲ್ಡಾ ಕಾರಿನ ಬಾಗಿಲು ಹಾಕಿಕೊಂಡು, ಘಲಾ ಬಡಾವಣೆ ದಾಟುವ ತನಕ ಅತ್ತಳು. ಕೆಲಸ ಹೋಯಿತೆಂದೇ ಅವಳು ತಿಳಿದಿದ್ದಳು. ವೀಸಾ, ಫ್ಲ್ಯಾಟು, ಮಗಳ ಓದು ಎಲ್ಲ ಒಂದೊಂದಾಗಿ ಕಣ್ಣೆದುರು ಬಂದವು. ಆಂಡ್ರ್ಯೂ ಪೂರ್ತಿ ಕೇಳಿದ ಮೇಲೆ, “ಖಲಾಸ್, ಆದದ್ದು ಆಯ್ತು,” ಎಂದು ಮಾತ್ರ ಹೇಳಿ ಜ್ಯೂಸು ಕೊಡಿಸಿದ.

ಕೆಲಸ ಹೋಗಲಿಲ್ಲ. ಅದಕ್ಕೆ ಕಾರಣ ಎಡ್ವರ್ಡ್.

ಎಡ್ವರ್ಡನಿಗೆ ನಡಾವಳಿ ಬರೆದು ಗೊತ್ತಿರಲಿಲ್ಲ. ಇನ್ಶೂರೆನ್ಸಿನವನಾದ್ದರಿಂದ ಅಪಘಾತದ ವರದಿ ಬರೆದು ಗೊತ್ತಿತ್ತು. ಏನು ನಡೆಯಿತೋ, ಯಾವ ಕ್ರಮದಲ್ಲಿ ನಡೆಯಿತೋ, ಯಾರು ಏನು ಅಂದರೋ, ಅದನ್ನೇ ಬರೆದ. ‘ಅಧ್ಯಕ್ಷರು, ಅಗತ್ಯ ಇರುವುದೇ ಮೂವರಿಗೆ ಎಂದರು. ಸಭೆ ನಕ್ಕಿತು. ಅಧ್ಯಕ್ಷರು ನಗಬೇಡಿ ಎಂದರು. ಸಭೆ ಮತ್ತೆ ನಕ್ಕಿತು.’ ಹಿಲ್ಡಾಳ ಮೂರು ನಿಮಿಷವನ್ನೂ ಮೂವತ್ತೊಂದು ‘ಸಾರಿ’ಗಳನ್ನೂ ಬಿಡದೆ ಬರೆದು, ಕೊನೆಗೆ ‘ಗಂಟೆಯಿಂದಾಗಿ ವಾಕ್ಯ ಪೂರ್ತಿಯಾಗಲಿಲ್ಲ’ ಎಂದು ಷರಾ ಹಾಕಿದ. ಮೂರು ದಿನದೊಳಗೆ ಒಂದು ಪ್ರತಿ ಸಮಿತಿಗಿಂತ ಮೇಲಿನ ಆಡಳಿತ ಮಂಡಳಿಗೆ ಹೋಗಬೇಕಿತ್ತು. ಸಾಲ್ಯಾನರು ಬಿಸಿನೆಸ್ ಮೇಲೆ ಸಲಾಲಾಕ್ಕೆ ಹೊರಟಿದ್ದರು. ಏರ್‌ಪೋರ್ಟಿನ ದಾರಿಯಲ್ಲಿ ಕಾರು ನಿಲ್ಲಿಸಿ, ಎಂದಿನ ಹಾಗೆ, ಓದದೆ ಸಹಿ ಹಾಕಿದರು.

ಮಂಡಳಿಯಲ್ಲಿ ಇಂಥ ನಡಾವಳಿಗಳನ್ನು ಫೈಲಿಗೆ ಸೇರಿಸುವ ಗ್ರೆಟ್ಟಾ ಎಂಬಾಕೆ ಇದ್ದಳು. ‘ಸಭೆ ನಕ್ಕಿತು’ ಎಂಬುದು ಕಣ್ಣಿಗೆ ಬಿದ್ದು, ನಿಂತು ಪೂರ್ತಿ ಓದಿದಳು. ಪಕ್ಕದವಳಿಗೆ ಓದಿ ಹೇಳಿದಳು. ಅದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಯಿತು. ಗುರುವಾರದ ಹೊತ್ತಿಗೆ ಶಾಲೆಗೆ ಎರಡು ಸಾಲಿನ ಪತ್ರ ಬಂತು. ಬೀಗವನ್ನು ತೆಗೆದ ಬಗ್ಗೆ ಭಾನುವಾರ ಮಧ್ಯಾಹ್ನದೊಳಗೆ ವರದಿ ಸಲ್ಲಿಸಿ. ಯಾರು, ಎಷ್ಟು ಗಂಟೆಗೆ ತೆಗೆದರು ಎಂದು ತಿಳಿಸಿ.

ಭಾನುವಾರ ಬೆಳಿಗ್ಗೆ ಸಾಲ್ಯಾನರು ರೇಶ್ಮೆಯ ಟೈ ಕಟ್ಟಿಕೊಂಡು ಬಂದರು. ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಮೇಲೆ ಹೊಸ ಫಲಕ: ‘ಸ್ಟೂಡೆಂಟ್ ವೆಲ್‌ನೆಸ್ ಫೆಸಿಲಿಟಿ’. ಹೆಡ್ ಗರ್ಲ್ ತಟ್ಟೆಯಲ್ಲಿ ಕತ್ತರಿ ಹಿಡಿದಳು. ಅಧ್ಯಕ್ಷರು ರಿಬ್ಬನ್ ಕತ್ತರಿಸಿ, ಒಳಗೆ ಹೋಗಬಾರದೆಂದು ನೆನಪಾಗಿ, ಹೊಸ್ತಿಲಲ್ಲೇ ನಿಂತು ಚಪ್ಪಾಳೆ ತಟ್ಟಿ ಭಾಷಣ ಮಾಡಿದರು. ಸಾಲಿನಲ್ಲಿ ನಿಲ್ಲಿಸಿದ್ದ ಏಳು ಎಂಟನೇ ತರಗತಿಯ ಹುಡುಗಿಯರು ಭಾಷಣ ಮುಗಿಯುವುದನ್ನೇ ಕಾಯುತ್ತಿದ್ದವರು, ಮುಗಿದದ್ದೇ ಅಧ್ಯಕ್ಷರನ್ನು ಪಕ್ಕಕ್ಕೆ ತಳ್ಳಿಕೊಂಡು ಒಳಗೆ ನುಗ್ಗಿದರು. ಶಾಲೆಯ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಸಾಲ್ಯಾನರ ಅರ್ಧ ಭುಜವಷ್ಟೇ ಕಾಣುತ್ತಿತ್ತು. ಕೆಳಗೆ, ‘ಪೋಷಕರ ದನಿಗೆ ಸಮಿತಿಯ ಸ್ಪಂದನೆ.’

ಸ್ಪಂದನೆ ಅಲ್ಲಿಗೇ ನಿಲ್ಲಲಿಲ್ಲ. ಓಪನ್ ಫೋರಂನ ನಿಯಮಗಳನ್ನು ಆಧುನೀಕರಿಸಲಾಯಿತು. ಒಮ್ಮೆ ಮಾತಾಡಿದವರು ಎರಡು ವರ್ಷ ಮತ್ತೆ ಮಾತಾಡುವಂತಿಲ್ಲ, ಇತರರಿಗೂ ಅವಕಾಶ ಸಿಗಲಿ ಎಂದು. ಶಾಲೆಯ ಸಿಬ್ಬಂದಿ ಪೋಷಕರಾಗಿದ್ದರೂ ಸಭೆಯ ಹೊತ್ತಿನಲ್ಲಿ ಸಿಬ್ಬಂದಿಯೇ. ಹಿಂದಿನ ನಡಾವಳಿಯನ್ನು ಸಮಿತಿ ತನ್ನೊಳಗೇ ಸ್ಥಿರೀಕರಿಸಿಕೊಳ್ಳುತ್ತದೆ. ಫಾರಂ ಈಗ ವೆಬ್‌ಸೈಟಿನಲ್ಲಿ, ಅದರಲ್ಲಿ ಎರಡೇ ಚೌಕ, ಪ್ರಶಂಸೆ ಮತ್ತು ಹೆಚ್ಚಿನ ಪ್ರಶಂಸೆ ಎಂದು ಪೋಷಕರು ತಮಾಷೆ ಮಾಡುತ್ತಿದ್ದರು. ನಿಜವಾಗಿ ಇದ್ದದ್ದು ಪ್ರಶಂಸೆ ಮತ್ತು ಸಲಹೆ. ಸಲಹೆ ಒತ್ತಿದರೆ ಪುಟ ತೆರೆಯುತ್ತಿರಲಿಲ್ಲ.

ದಮಯಂತಿಗೆ ಎರಡು ವರ್ಷದ ನಿಷೇಧ ತಿಳಿದಾಗ ಅವಳು ಹೆಚ್ಚೇನೂ ಬೇಸರಪಡಲಿಲ್ಲ. “ಇವರಿಗೆ ಇನ್ನೂ ಮಾತಾಡ್ಲಿಕ್ಕೆ ಉಂಟಲ್ಲ,” ಎಂದು ಕೊಗ್ಗನನ್ನು ತೋರಿಸಿದಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ಸತತ ಮೂರು ನಿಮಿಷ ಮಾತಾಡಿರದ ಕೊಗ್ಗ ಗಾಬರಿಯಾದ.

ಮಂಡಳಿಯ ಕಣ್ಣು ಬಿದ್ದಿದ್ದರಿಂದ ಹಿಲ್ಡಾಳನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ, ಆಫೀಸಿನಿಂದ ಸಾರಿಗೆ ವಿಭಾಗಕ್ಕೆ ಹಾಕಿದರು. ಗೇಟಿನ ಪಕ್ಕ ಒಂದು ಸಣ್ಣ ಕೋಣೆ, ಒಂದು ಫೋನು, ಮೂವತ್ತೆಂಟು ಬಸ್ಸುಗಳ ಪಟ್ಟಿ. ಶಿಕ್ಷೆಯೆಂದೇ ಕೊಟ್ಟದ್ದು. ಫೋನು ಎತ್ತಿದರೆ ಬೈಗಳು. ಮೊದಲ ವಾರ ಅವಳಿಗೆ ಕಿವಿ ನೋವು ಬಂತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಎಡ್ವರ್ಡ್ ಬಾಗಿಲಲ್ಲಿ ನಿಂತ. ಕೈಯಲ್ಲಿ ಹಾಳೆಗಳಿದ್ದವು.

“ಸಾಲ್ಯಾನರು ಕಳ್ಸಿದ್ದು,” ಎಂದ. “ನಿಮ್ಮ ಹತ್ರ ಕಲೀಬೇಕಂತೆ, ಹೇಗೆ ಬರೆಯುದು ಅಂತ. ಈ ಸಲ ಫೋರಂನಲ್ಲಿ ಒಬ್ರು ಚೇರು ಎತ್ತಿದ್ರು. ಅದಕ್ಕೆ ಎಂತ ಹಾಕುದು?”

“ಚೇರು ಎತ್ತಿದರು ಅಂತ ಹಾಕಿ.”

“ಹಾಗೆ ಹಾಕ್ಬಾರ್ದು ಅಂತಲೇ ಅಲ್ವಾ ಕಳ್ಸಿದ್ದು.”

“ನನಗೆ ಮರೆತು ಹೋಗಿದೆ, ಎಡ್ವರ್ಡ್,” ಎಂದಳು ಹಿಲ್ಡಾ. ಅದು ಪೂರ್ತಿ ಸುಳ್ಳು. ಕುರ್ಚಿಗೆ ಬೇಕಾದ ವಾಕ್ಯ ಆಗಲೇ ಅವಳ ತಲೆಯಲ್ಲಿ ಹೊಳೆದಿತ್ತು: ‘ಆಸನ ವ್ಯವಸ್ಥೆಯ ಕುರಿತು.’ ಅದನ್ನು ನುಂಗಿಕೊಂಡಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಒಬ್ಬ ತಾಯಿ ಏದುಸಿರಿನಲ್ಲಿ ಹಿಂದಿಯಲ್ಲಿ ಕೂಗುತ್ತಿದ್ದಳು. ಇಪ್ಪತ್ತೆರಡನೇ ಬಸ್ಸು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಸ್ಟಾಪಿನಲ್ಲಿ ಇಳಿಸದೆ ಮುಂದಕ್ಕೆ ಹೋಗಿದೆ, ನೀವೆಲ್ಲ ಅಲ್ಲಿ ಕೂತು ಏನು ಮಾಡುತ್ತೀರಿ, ನಿಮಗೆ ಮಕ್ಕಳಿಲ್ಲವೇ ಎಂದು. ಹಿಲ್ಡಾ ಪೂರ್ತಿ ಕೇಳಿದಳು. “ಇದ್ದಾರೆ,” ಎಂದಳು. “ಫೋನು ಇಡಬೇಡಿ.” ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು ಡ್ರೈವರಿಗೆ ಕರೆ ಮಾಡಿದಳು.

“ಫಾರೂಕ್, ಎಲ್ಲಿದ್ದೀಯಾ? ಯಲ್ಲಾ, ಬೇಗ ಬಸ್ಸು ತಿರುಗಿಸು.”